ಗೆರೆ ಮುಟ್ಟಿದ ಹಾಲು

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ,
ಕಿಟಕಿ ಪಕ್ಕದ ಬೆಂಚು
ಗುರುವಾರ, ಮಧ್ಯಾಹ್ನ

ಪ್ರೀತಿಯ ಟೀಚರಮ್ಮಾ,

ಹೊಟ್ಟೆಯ ಹೊಲಿಗೆ ಹೇಗಿದೆ? ಎಡಗಡೆಯ ತುದಿಯಲ್ಲಿ ಇನ್ನೂ ಸ್ವಲ್ಪ ಹಸಿಯಿದೆ ಎಂದು ನಿನ್ನ ತಮ್ಮ ಮೊನ್ನೆ ಹೇಳಿದ. ಅವನು ಹೇಳಿದ್ದರಲ್ಲಿ ಅರ್ಧ ಕಳೆದು ನಂಬಬೇಕೋ ಅರ್ಧ ಸೇರಿಸಿ ನಂಬಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ, ಹಾಗಾಗಿ ನೀನೇ ಎರಡು ಸಾಲು ಬರೆ. ಬಿ.ಪಿ. ಮಾತ್ರೆ ತಪ್ಪಿಸಬೇಡ. ತಲೆ ನೋವು ಬಂದರೆ, ಕಣ್ಣ ಮುಂದೆ ಮಂಜು ಕವಿದಂತಾದರೆ, ಉತ್ತರ ಪತ್ರಿಕೆ ತಿದ್ದಿ ಸುಸ್ತಾಗಿದೆ ಅಷ್ಟೇ ಎಂದು ಹೋದ ಸಲದ ಹಾಗೆ ತೇಲಿಸಿಬಿಡಬೇಡ. ತಕ್ಷಣ ಅತ್ತೆಗೆ ಹೇಳು. ಊಟ ಸೇರುತ್ತಿದೆಯೇ? ಅತ್ತೆಯ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. ಕೆಳಗಿನ ಕ್ಯಾಂಟೀನಿನಲ್ಲಿ ಎರಡು ಹೊತ್ತು ತಿನ್ನುತ್ತೇನೆ, ಗಡ್ಡ ಕೆರೆದುಕೊಳ್ಳುತ್ತೇನೆ, ಬೆಂಚಿನ ಮೇಲೆ ಕೂತೇ ತೂಕಡಿಸುವುದನ್ನು ಕಲಿತಿದ್ದೇನೆ. ಬಣ್ಣದಂಗಡಿಯ ಯಜಮಾನರು ಫೋನ್ ಮಾಡಿ, ರಜದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಬಣ್ಣವೇನೂ ಓಡಿಹೋಗುವುದಿಲ್ಲ ಎಂದರು.

ಫೋನ್ ಇದ್ದೂ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು ‘ಹೂಂ’ ಎನ್ನುತ್ತೀಯ, ಆಮೇಲೆ ಮೂಗು ಎಳೆಯುವ ಸದ್ದು, ಆಮೇಲೆ ಅತ್ತೆ ಫೋನ್ ಇಸಿದುಕೊಂಡು ‘ಅವಳು ಮಲಗಿದ್ದಾಳೆ’ ಎನ್ನುತ್ತಾರೆ. ಈಗಿನ್ನೂ ಎದ್ದಿದ್ದಳಲ್ಲ ಎಂದು ಅಳಿಯನಾದವನು ಹೇಗೆ ಕೇಳುವುದು? ಕಾಗದವಾದರೆ ನೀನು ಅಳುತ್ತಲಾದರೂ ಕೊನೆಯವರೆಗೆ ಓದುತ್ತೀಯ. ಕಾಗುಣಿತದ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಇಟ್ಟುಕೊ, ಆಮೇಲೆ ಬೈದರಾಯಿತು. ನಿನ್ನ ತಮ್ಮ ಬೆಳಿಗ್ಗೆ ಬ್ರೆಡ್ ವ್ಯಾನಿನಲ್ಲಿ ನಿನ್ನ ಹಾಲಿನ ಸೀಸೆಗಳ ಡಬ್ಬ ತಂದುಕೊಟ್ಟು, ಇಲ್ಲಿನ ಅಂಗಡಿಗಳಿಗೆಲ್ಲ ಬ್ರೆಡ್ ಹಾಕಿ, ವಾಪಸು ಹೋಗುವಾಗ ಖಾಲಿ ಸೀಸೆಗಳನ್ನು ಒಯ್ಯುತ್ತಾನಲ್ಲ, ಅವುಗಳ ಮಧ್ಯೆ ಇದನ್ನು ಇಡುತ್ತೇನೆ.

ಈಗ ಮಗಳ ವಿಷಯ. ಎರಡು ತಿಂಗಳು ಮೊದಲೇ ಅವಸರಪಟ್ಟು ಬಂದವಳನ್ನು ಆ ಚಿಕ್ಕ ಆಸ್ಪತ್ರೆಯಿಂದ ಆಂಬುಲೆನ್ಸಿನಲ್ಲಿ ಇಲ್ಲಿಗೆ ತಂದಾಗ ನೀನು ಇನ್ನೂ ಮಂಪರಿನಲ್ಲಿದ್ದೆ, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಬಿಟ್ಟರೆ ನೀನು ಏನನ್ನೂ ನೋಡಿಲ್ಲ. ಅದಕ್ಕೇ ಎಷ್ಟು ಸಲ ಹೇಳಿದರೂ ಇನ್ನೊಮ್ಮೆ ಹೇಳುತ್ತೇನೆ. ಮೂಗು ನಿನ್ನದು. ಕಿವಿ ಇನ್ನೂ ಗಟ್ಟಿಯಾಗಿಲ್ಲ, ಒಂದು ಮಗ್ಗುಲಿಗೆ ಮಲಗಿಸಿದರೆ ಮಡಿಚಿಕೊಳ್ಳುತ್ತದೆ, ಸಿಸ್ಟರ್ ಬಂದು ಬಿಡಿಸುತ್ತಾರೆ. ತೊಡೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಚರ್ಮದ ಕೆಳಗೆ ರಕ್ತ ಓಡುವುದು ಕಾಣುತ್ತದೆ. ಇಲ್ಲಿನ ದೊಡ್ಡ ಸಿಸ್ಟರ್ ಅವಳಿಗೆ ‘ಮೆಣಸಿನಕಾಳು’ ಎಂದು ಹೆಸರಿಟ್ಟಿದ್ದಾರೆ. ‘ಗಾತ್ರ ನೋಡಿ ಮೋಸ ಹೋಗ್ಬೇಡಿ, ಸೂಜಿ ಮುಟ್ಟಿಸಿದ್ರೆ ಖಾರ ಗೊತ್ತಾಗುತ್ತೆ’ ಎನ್ನುತ್ತಾರೆ. ನನ್ನನ್ನು ‘ಬಣ್ಣದವರೇ’ ಎಂದು ಕರೆಯುತ್ತಾರೆ. ಮೊದಲ ದಿನ ಒಳಗೆ ಬಿಡುವ ಮುಂಚೆ ನನ್ನ ಉಗುರುಗಳನ್ನು ನೋಡಿ, ‘ಇದು ಯಾರ ಮನೆ ಗೋಡೆ?’ ಎಂದು ಕೇಳಿ, ಮೊಣಕೈವರೆಗೆ ಉಜ್ಜಿಸಿದರು, ಮತ್ತೆ ಉಜ್ಜಿಸಿದರು. ನಿನ್ನ ಕೈಯಲ್ಲಿ ಇಷ್ಟು ವರ್ಷ ಆಗದಿದ್ದನ್ನು ಅವರು ಒಂದು ಬೆಳಿಗ್ಗೆ ಮಾಡಿದರು.

ಅವಳಿಗೆ ಇನ್ನೂ ಚೀಪಲು ಬರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಒಟ್ಟಿಗೆ ಮಾಡುವುದು ನಮಗೆ ಏನೂ ಅಲ್ಲ, ಅವಳಿಗೆ ದೊಡ್ಡ ಸರ್ಕಸ್ಸು. ಹಾಗಾಗಿ ಬಾಯಿಯಿಂದ ಹೊಟ್ಟೆಯವರೆಗೆ ನೂಲಿನಂಥ ಒಂದು ನಳಿಕೆ ಹಾಕಿದ್ದಾರೆ. ಅದರ ತುದಿಗೆ ಸಿರಿಂಜಿನ ಕೊಳವೆ ಸಿಕ್ಕಿಸಿ, ಹಾಲು ಹಾಕಿ, ಎತ್ತಿ ಹಿಡಿಯುತ್ತಾರೆ. ಹಾಲು ತಾನಾಗಿಯೇ ಇಳಿಯಬೇಕು, ಒತ್ತುವಂತಿಲ್ಲ. ಹಗಲು ಹೊತ್ತು ಆ ಕೊಳವೆ ಹಿಡಿಯುವ ಕೆಲಸ ನನಗೆ ಕೊಟ್ಟಿದ್ದಾರೆ. ಒಂದೆರಡು ಚಮಚದಷ್ಟು ಹಾಲು, ಅದು ಮುಗಿಯುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿರುತ್ತದೆ. ಪ್ರತಿ ಸಲ ಹಾಲು ಕೊಡುವ ಮುಂಚೆ ಸಿಸ್ಟರ್ ಅವಳ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ನೋಡುತ್ತಾರೆ. ಮೆತ್ತಗಿದ್ದರೆ ಹಾಲು. ಬಿಗಿದುಕೊಂಡಿದ್ದರೆ ಇಲ್ಲ. ಆ ಎರಡು ಬೆರಳನ್ನು ನೋಡುವಾಗ ನನ್ನ ಜೀವ ನನ್ನಲ್ಲಿ ಇರುವುದಿಲ್ಲ.

ಇನ್ನು ತೂಕ. ಇಲ್ಲಿ ತೂಕವೇ ದೊರೆ. ಬೆಳಿಗ್ಗೆ ಒಬ್ಬೊಬ್ಬರನ್ನೇ ತಕ್ಕಡಿಯ ಮೇಲೆ ಮಲಗಿಸುತ್ತಾರೆ, ಗಾಜಿನ ಆಚೆ ನಾವು ಅಪ್ಪ ಅಮ್ಮಂದಿರು ಉಸಿರು ಬಿಗಿಹಿಡಿದು ನಿಂತಿರುತ್ತೇವೆ. ಹುಟ್ಟಿದ ಮೇಲೆ ಮೊದಲು ಸ್ವಲ್ಪ ಇಳಿಯುತ್ತದೆ, ಅದು ಎಲ್ಲರಿಗೂ ಇದ್ದದ್ದೇ, ಆಮೇಲೆ ಏರಬೇಕು. ನಮ್ಮವಳನ್ನು ಬೆಚ್ಚಗಿಟ್ಟಿರುವ ಗಾಜಿನ ಪೆಟ್ಟಿಗೆಯ ಪಕ್ಕದ ಪೆಟ್ಟಿಗೆಯ ಮಗು ಏರಿತು. ಅದರಾಚೆಯ ಅವಳಿಗಳೂ ಏರಿದರು. ನಮ್ಮವಳು ಏರಲಿಲ್ಲ. ಫೋನಿನಲ್ಲಿ ನಿನಗೆ ‘ನಿಧಾನಕ್ಕೆ ಏರುತ್ತಿದೆ’ ಎಂದೆನಲ್ಲ, ಅದು ಸುಳ್ಳು. ನಿಂತಲ್ಲೇ ನಿಂತಿತ್ತು, ಈ ವಾರ ಇಳಿಯಿತು. ಡಾಕ್ಟರಮ್ಮ ಹಾಲಿನ ಅಳತೆ ಹೆಚ್ಚಿಸಿದರು, ಹಾಲಿಗೆ ಬೆರೆಸುವ ಪೌಷ್ಟಿಕದ ಪುಡಿ ಸೇರಿಸಿದರು. ಆದರೂ ಇಲ್ಲ. ಇಷ್ಟು ಮುಂಚೆ ಹುಟ್ಟಿದ ಮಕ್ಕಳ ಮಿದುಳು, ಮೂಳೆ, ಎಲ್ಲವೂ ಈಗಲೇ ಬೆಳೆಯಬೇಕು, ಈ ವಾರಗಳು ಕಳೆದುಹೋದರೆ ಆಮೇಲೆ ತುಂಬಿಕೊಡುವುದು ಕಷ್ಟ ಎಂದು ಅವರು ಮೆಲ್ಲಗೆ ಹೇಳಿದರು. ಅವರು ಜೋರಾಗಿ ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮಂಗಳವಾರ ಅವಳು ಮಂಕಾದಳು. ಕಾಲು ಎಳೆದರೆ ಎಳೆದುಕೊಳ್ಳಲಿಲ್ಲ, ಸೂಜಿಗೂ ಅಳಲಿಲ್ಲ, ಹೊಟ್ಟೆ ಸ್ವಲ್ಪ ಉಬ್ಬಿತ್ತು. ಹಾಲು ನಿಲ್ಲಿಸಿದರು. ಕರುಳಿನ ತೊಂದರೆಯೇನೋ ಎಂದು ಎಕ್ಸ್‌ರೇ ತೆಗೆದರು, ದೇವರ ದಯೆ, ಅದಲ್ಲ. ಆದರೆ ರಕ್ತದಲ್ಲಿ ಉಪ್ಪು ತುಂಬ ಇಳಿದಿತ್ತು. ಡಾಕ್ಟರಮ್ಮ ನನ್ನನ್ನು ಆಚೆ ಕರೆದು, ಹಾಲಿನ ಜೊತೆ ಯಾರಾದರೂ ಏನಾದರೂ ಸೇರಿಸುತ್ತಿದ್ದಾರೆಯೇ ಎಂದು ಕೇಳಿದರು. ನನಗೆ ಮೂಗಿನ ತುದಿಗೆ ಕೋಪ ಬಂತು. ನಮ್ಮನ್ನು ಏನೆಂದುಕೊಂಡಿದ್ದೀರಿ ಎಂದುಬಿಟ್ಟೆ. ಅವರು ದೊಡ್ಡ ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ಫ್ರಿಜ್ಜಿನ ಬಾಗಿಲು ತೆಗೆದು ಸೀಸೆಗಳನ್ನು ತೋರಿಸಿದರು. ಬೇರೆ ತಾಯಂದಿರ ಹಾಲಿನ ಮೇಲೆ ಅಷ್ಟಷ್ಟು ಕೆನೆ ಕಟ್ಟಿತ್ತು. ನಮ್ಮ ಸೀಸೆಗಳಲ್ಲಿ ಇತ್ತೋ ಇಲ್ಲವೋ ಎನ್ನುವ ಹಾಗೆ ಒಂದು ಎಳೆ.

ಟೀಚರಮ್ಮಾ, ಇಲ್ಲಿಂದ ಮುಂದೆ ಓದುವ ಮೊದಲು ಗೋಡೆಗೆ ಒರಗಿ ಕೂತುಕೊ. ಅತ್ತೆ ಪಕ್ಕದಲ್ಲಿದ್ದರೆ ಏನೋ ನೆಪ ಹೇಳಿ ಆಚೆ ಕಳಿಸು.

ನನಗೆ ಅದು ಕಾಣಿಸದೆ ಇರಲಿಲ್ಲ. ದಿನವೆಲ್ಲ ಬಣ್ಣ ಕಲಸುವವನು ನಾನು. ತೆಳು ಮಾಡಲು ಹಾಕುವ ಥಿನ್ನರ್ ಹೆಚ್ಚಾದ ಬಣ್ಣ ಡಬ್ಬದ ಗೋಡೆಯ ಮೇಲೆ ನಿಲ್ಲುವುದಿಲ್ಲ, ಜಾರಿಹೋಗಿ ಡಬ್ಬದ ಗೋಡೆ ಬರಿದಾಗಿ ಕಾಣುತ್ತದೆ. ಮೊದಲ ವಾರ ನಿನ್ನ ಹಾಲು ಕೊಳವೆಯಲ್ಲಿ ನಿಂತು ನಿಂತು ಇಳಿಯುತ್ತಿತ್ತು. ಆಮೇಲಾಮೇಲೆ ಸರ್ರನೆ ಇಳಿಯತೊಡಗಿತು. ಒಂದು ದಿನ ಕೈ ಅಲ್ಲೇ ನಿಂತಿತು. ಹಾಲೇನು ಬಣ್ಣವೇ, ಸುಮ್ಮನಿರು ಎಂದು ನನ್ನನ್ನು ನಾನೇ ಗದರಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು, ಕೇಳಿದರೆ ಏನು ಉತ್ತರ ಬರುತ್ತದೋ ಎಂದು.

ನಿನ್ನೆ ನಿನ್ನ ತಮ್ಮ ಡಬ್ಬ ತಂದಾಗ ವ್ಯಾನಿನ ಪಕ್ಕಕ್ಕೆ ಕರೆದು ಕೇಳಿದೆ. ಅವನು ಬ್ರೆಡ್ ಟ್ರೇಗಳನ್ನು ಸುಮ್ಮನೆ ಆಚೆ ಈಚೆ ಸರಿಸುತ್ತಾ ನಿಂತ. ಅವನು ಸುಳ್ಳು ಹೇಳುವಾಗ ಮಾತು ಹೆಚ್ಚು, ನಿಜ ಹೇಳುವಾಗ ಬಾಯೇ ಬರುವುದಿಲ್ಲ, ನಿನಗೆ ಗೊತ್ತಲ್ಲ. ಕೊನೆಗೆ ‘ಅಮ್ಮ ನೀರು ಹಾಕ್ತಾರೆ ಭಾವ, ಕುದಿಸಿ ಆರಿಸಿದ್ದು’ ಎಂದ. ಜ್ವರ ಬಂದ ಮೇಲೆ ನಿನಗೆ ಹಾಲು ಕಡಿಮೆಯಾಯಿತಂತೆ. ಅಷ್ಟು ಹೊತ್ತು ಪಂಪು ಹಿಡಿದು ಕೂತರೂ ಸೀಸೆಯ ತಳ ಮುಚ್ಚುವಷ್ಟೇ ಬಂದು, ನೀನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆಯಂತೆ. ಅತ್ತೆ ಅದನ್ನು ಕೇಳಲಾರದೆ, ನೀನು ಕಣ್ಣು ಮುಚ್ಚಿದಾಗ ಸೀಸೆ ತುಂಬಿಸಿ, ‘ನೋಡು, ಸೇರಿಸಿ ಸೇರಿಸಿ ಇವತ್ತು ಎಷ್ಟಾಯ್ತು’ ಎಂದು ನಿನಗೆ ತೋರಿಸಿ ಕಳಿಸುತ್ತಿದ್ದರಂತೆ. ನಿನಗೆ ಇದು ಗೊತ್ತಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ. ಗೊತ್ತಿಲ್ಲ ಎಂದು ನನಗೂ ಗೊತ್ತು.

ಈಗ ಅತ್ತೆಯ ಮೇಲೆ ಹಾರಿಬೀಳಬೇಡ. ಕೈ ಮುಗಿಯುತ್ತೇನೆ. ಅವರು ಯಾಕೆ ಹಾಗೆ ಮಾಡಿದರು ಎಂದು ನಿನ್ನ ತಮ್ಮನನ್ನು ಕೇಳಿದೆ. ‘ಗೆರೆ ಮುಟ್ಟದಿದ್ರೆ ಅಳಿಯಂದ್ರು ಏನಂದ್ಕೋತಾರೆ’ ಎನ್ನುತ್ತಿದ್ದರಂತೆ. ಆ ಮಾತು ಕೇಳಿ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಗೆರೆ ಹಾಕಿದವನು ಯಾರು? ನಾನೇ. ಡಾಕ್ಟರ್ ಹೇಳಲಿಲ್ಲ, ಸಿಸ್ಟರ್ ಹೇಳಲಿಲ್ಲ. ಮುಂದಿನ ವಾರಕ್ಕೆ ಎಷ್ಟು ಹಾಲು ಬೇಕಾಗಬಹುದು ಎಂದು ಸಿಸ್ಟರನ್ನು ಕೇಳಿ, ಲೆಕ್ಕ ಹಾಕಿ, ಖಾಲಿ ಸೀಸೆಗಳಿಗೆಲ್ಲ ನೀಲಿ ಟೇಪು ಅಂಟಿಸಿ ಕಳಿಸಿದ ಮಹಾನುಭಾವ ನಾನು. ನಮ್ಮ ಅಂಗಡಿಯಲ್ಲಿ ಬಿಡಿ ಬಣ್ಣಕ್ಕೆ ಡಬ್ಬ ತರುವವರಿಗೆ ಹಾಗೇ ಮಾಡುವುದು, ಟೇಪಿನ ಗೆರೆಗಿಂತ ಒಂದು ಕೂದಲು ಕಡಿಮೆಯಿದ್ದರೂ ಆ ಡಬ್ಬ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಅದೇ ಅಭ್ಯಾಸ ಕೈಯಲ್ಲಿತ್ತು. ನಿನಗೆ ಅನುಕೂಲವಾಗಲಿ ಎಂದುಕೊಂಡೆ. ‘ಇಲ್ಲಿವರೆಗೆ’ ಎಂದು ಬೇರೆ ಬರೆದಿದ್ದೆ. ಮಗುವಿನ ತಾಯಿಗೆ ಯಾರಾದರೂ ಹಾಗೆ ಗೆರೆ ಎಳೆದು ಕಳಿಸುತ್ತಾರೆಯೇ? ಜ್ವರದಲ್ಲಿ, ಹಸಿ ಗಾಯದಲ್ಲಿ ನೀನು ಆ ನೀಲಿ ಗೆರೆಯನ್ನು ನೋಡುತ್ತಾ ಕೂತಿದ್ದಿರಬೇಕು. ನನಗೆ ಅದನ್ನು ನೆನೆಸಿಕೊಳ್ಳಲು ಆಗುತ್ತಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಒಂದು ನಿಮಿಷ ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. ಇಷ್ಟು ಚಿಕ್ಕ ಹೊಟ್ಟೆಯಲ್ಲಿ ನೀರಿಗೆ ಜಾಗ ಕೊಟ್ಟರೆ ಹಾಲಿಗೆ ಜಾಗವಿರುವುದಿಲ್ಲ, ಹೊಟ್ಟೆ ತುಂಬಿರುತ್ತದೆ, ಮೈಗೆ ಮಾತ್ರ ಏನೂ ಸೇರುವುದಿಲ್ಲ, ಮೇಲಿಂದ ನೀರು ಹೆಚ್ಚಾಗಿ ರಕ್ತದ ಉಪ್ಪೂ ತೆಳುವಾಗುತ್ತದೆ, ಉಪ್ಪು ಇನ್ನೂ ಇಳಿದಿದ್ದರೆ ಫಿಟ್ಸ್ ಬರುತ್ತಿತ್ತು ಎಂದರು. ಈಗ ಡ್ರಿಪ್ಪಿನಲ್ಲಿ ಉಪ್ಪನ್ನು ಸ್ವಲ್ಪಸ್ವಲ್ಪವೇ ಸರಿ ಮಾಡುತ್ತಿದ್ದಾರೆ, ಅವಸರದಲ್ಲಿ ಏರಿಸಿದರೂ ಅಪಾಯವಂತೆ. ಹಾಲು ಮತ್ತೆ ಶುರು ಮಾಡಿದ್ದಾರೆ, ಬೇರೆ ತಾಯಂದಿರು ಕೊಟ್ಟು ಇಲ್ಲಿ ಕಾಪಿಟ್ಟ ಹಾಲು. ಯಾರೋ ಪುಣ್ಯಾತ್ಗಿತ್ತಿ, ಹೆಸರೂ ಗೊತ್ತಿಲ್ಲ. ನಿನ್ನದು ಎಷ್ಟು ಬಂದರೆ ಅಷ್ಟು, ಒಂದು ಚಮಚವಾದರೂ, ಬರೀ ಅದೇ ಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅದರಲ್ಲಿರುವ ರಕ್ಷಣೆ ಬೇರೆ ಯಾವ ಸೀಸೆಯಲ್ಲೂ ಇಲ್ಲವಂತೆ. ಸೀಸೆಗಳ ಟೇಪನ್ನೆಲ್ಲ ಕಿತ್ತಿದ್ದೇನೆ, ಅಂಟು ಹೋಗುವವರೆಗೆ ಉಜ್ಜಿದ್ದೇನೆ.

ಇವತ್ತು ಬೆಳಿಗ್ಗೆ ತೂಕ ನಿನ್ನೆಯಷ್ಟೇ ಇತ್ತು. ಇಳಿಯಲಿಲ್ಲ. ಡ್ರಿಪ್ಪಿನ ನೀರಿನ ತೂಕವೂ ಅದರಲ್ಲಿ ಸೇರಿದೆ, ಈಗಲೇ ಖುಷಿಪಡಬೇಡಿ ಎಂದರು ಸಿಸ್ಟರ್. ಸೂಜಿ ಚುಚ್ಚಿದಾಗ ಮಾತ್ರ ಮುಖ ಸಿಂಡರಿಸಿ ಸಣ್ಣಗೆ ಅತ್ತಳು. ಮಗಳು ಅತ್ತಳೆಂದು ಖುಷಿಪಡುವ ತಂದೆ ಇಡೀ ಕಟ್ಟಡದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ, ಪಕ್ಕದ ಪೆಟ್ಟಿಗೆಯ ಅಪ್ಪನೂ ಹೀಗೇ ಅಂತೆ. ಆತ ಬೀಗ ರಿಪೇರಿ ಮಾಡುವವನು. ನಾವಿಬ್ಬರೂ ಗಾಜಿನ ಮುಂದೆ ನಿಂತು ಒಬ್ಬರ ಮಗು ಅತ್ತರೆ ಇನ್ನೊಬ್ಬರಿಗೆ ಶಹಬ್ಬಾಸ್ ಹೇಳಿಕೊಳ್ಳುತ್ತೇವೆ.

ನೀನು ಇಲ್ಲಿಗೆ ಬರುವ ವಿಷಯ ಡಾಕ್ಟರಮ್ಮ ದಿನವೂ ಕೇಳುತ್ತಾರೆ. ಅಲ್ಲಿಯ ಡಾಕ್ಟರು ನಿನಗೆ ಪ್ರಯಾಣ ಮಾಡಬಹುದು ಎಂದು ಹೇಳಿಯೂ ಆಯಿತಂತೆ. ‘ಅವಳು ಸ್ವಲ್ಪ ತುಂಬಿಕೊಳ್ಳಲಿ, ಆಮೇಲೆ ಬರ್ತೀನಿ’ ಎಂದೆಯಲ್ಲ, ಅದರ ಅರ್ಥ ನನಗೆ ತಿಳಿಯದೆ ಇಲ್ಲ. ನೋಡಿದ ಮೇಲೆ ಕಳೆದುಕೊಂಡರೆ ಎಂಬ ಭಯ. ನಾನು ಒತ್ತಾಯ ಮಾಡುವುದಿಲ್ಲ. ಅವಸರವಿಲ್ಲ, ಗಾಯ ಪೂರ್ತಿ ಒಣಗಲಿ, ನಿನ್ನ ಮನಸ್ಸು ಗಟ್ಟಿಯಾಗಲಿ, ನಿಧಾನಕ್ಕೆ ಬಾ. ಇಲ್ಲಿ ನಾನಿದ್ದೇನೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಅವರ ಮೇಲೆ ನನಗೆ ಕೋಪವಿಲ್ಲ ಎಂದು ನೀನೇ ಹೇಳಬೇಕು. ನಾನು ಹೇಳಿದರೆ ಅವರು ಇನ್ನೂ ಕುಗ್ಗಿಹೋಗುತ್ತಾರೆ. ಇವತ್ತು ಅವರು ನಿನಗೆ ಏನು ಬಡಿಸಿದರೂ ಪೂರ್ತಿ ಊಟ ಮಾಡು. ನೀನು ಬೇಗ ಗುಣವಾಗು, ಮಿಕ್ಕಿದ್ದೆಲ್ಲ ಆಮೇಲೆ.

ಇಂತಿ ನಿನ್ನ,
ಉಗುರು ತೊಳೆದುಕೊಂಡಿರುವ ಬಣ್ಣದವನು

ತಾ.ಕ.: ನಿನ್ನ ತಮ್ಮ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ವಕ್ರವಾಗಿದ್ದರೆ ಕ್ಷಮಿಸು. ಸಹಿ ಹಾಕಿ ಕಾಗದ ಮಡಿಸುವಷ್ಟರಲ್ಲಿ ಒಳಗಿನಿಂದ ಯಂತ್ರ ಕೂಗಿಕೊಂಡಿತು. ನಮ್ಮವಳದೇ. ಉಸಿರಾಡುವುದನ್ನು ಮರೆತಿದ್ದಳು. ಇಷ್ಟು ಚಿಕ್ಕವರು ಹೀಗೆ ಮರೆಯುವುದುಂಟಂತೆ, ಸಿಸ್ಟರಿಗೆ ಇದು ದಿನದ ಕೆಲಸ. ನನಗಲ್ಲ. ತುಟಿ ನೀಲಿಯಾಗಿತ್ತು. ಅವರು ಅಂಗಾಲಿಗೆ ಬೆರಳಿನಿಂದ ತಟ್ಟಿದರು, ಬೆನ್ನು ಸವರಿದರು, ‘ಸುಮ್ನೆ ನಿಂತ್ಕೋಬೇಡಿ, ಕರೀರಿ ಅವಳನ್ನ’ ಎಂದು ನನಗೆ ಗದರಿದರು. ಕರೆದೆ. ಮೆಣಸಿನಕಾಳೇ ಎಂದೆ, ಮಗಳೇ ಎಂದೆ, ಬಾಯಿಗೆ ಬಂದದ್ದೆಲ್ಲ ಎಂದೆ. ಅವಳು ಈ ಕಡೆ ಗಮನವನ್ನೇ ಕೊಡಲಿಲ್ಲ. ಸಿಸ್ಟರ್ ಇನ್ನೊಮ್ಮೆ ತಟ್ಟಿದ ಮೇಲೆ ಉಸಿರು ಬಂತು, ಬಣ್ಣ ಬಂತು, ಈಗ ಆಡುತ್ತಿದೆ, ನಾನು ನೋಡಿಯೇ ಬರೆಯುತ್ತಿದ್ದೇನೆ. ಅವಸರವಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ನನಗೆ ಒಬ್ಬನಿಗೇ ಹೆದರಿ ಹೆದರಿ ಸಾಕಾಗಿದೆ. ಇಲ್ಲಿ ತಾಯಂದಿರ ಕೋಣೆಯಲ್ಲಿ ಒಂದು ಮಂಚ ಖಾಲಿಯಿದೆ, ಹೇಳಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ವ್ಯಾನಿನ ಮುಂದಿನ ಸೀಟಿಗೆ ದಿಂಬು ಹಾಕಿಸಿಕೊಂಡು ಹೊರಟು ಬಾ. ಹಾಲಿನ ಡಬ್ಬ ಖಾಲಿಯಿದ್ದರೂ ಬಾ. ಅವಳಿಗೆ ನನ್ನ ದನಿಯ ಗುರುತಿಲ್ಲ. ಏಳು ತಿಂಗಳು ನಿನ್ನ ಹೊಟ್ಟೆಯೊಳಗೇ ಕ್ಲಾಸಿನಲ್ಲಿ ಕೂತು ಅವಳು ಕೇಳಿರುವುದು ನಿನ್ನ ದನಿಯೊಂದನ್ನೇ. ಬಂದು ಒಂದು ಸಲ ನೀನು ಕರೆ.